ಒಂದು, ಎರಡು, ಮೂರು — ಮುಂದೇನು?

ಒಂದು, ಎರಡು, ಮೂರು. ಮುಂದಿನ ಸಂಖ್ಯೆ ಯಾವುದು? ಉದ್ಯೋಗದ ಸ್ಪರ್ಧಾಪರೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳು ತಪ್ಪದೆ ಬರುತ್ತವೆ. ನಾಲ್ಕಾರು ಅಂಕಿಗಳನ್ನು ಸಾಲಾಗಿಟ್ಟು, ಕೊನೆಯಲ್ಲಿ ಒಂದು ಜಾಗ ಖಾಲಿ ಬಿಟ್ಟು, ತುಂಬಿರೆಂದು ಕೇಳುತ್ತಾರೆ. ಮೇಲಿನ ಪ್ರಶ್ನೆಯನ್ನು ಮಗುವಿಗೆ ಹಾಕಿದರೆ ನಾಲ್ಕು ಎಂದೀತು. ನಮ್ಮ ಹಿಂದಿನ ಕಾಲದ ಛಂದಸ್ಸಿನ ಪಂಡಿತನಿಗೆ ಹಾಕಿದ್ದರೆ ಐದು ಎಂದಾನು. ಇಬ್ಬರ ಮಾತೂ ಸರಿಯೇ. ಆದರೆ ಪಂಡಿತನು ಉತ್ತರಕ್ಕೆ ಮೊದಲು, ‘ಏನನ್ನಯ್ಯಾ ನೀನು ಎಣಿಸುತ್ತಿರುವುದು?’ ಎಂದು ತಿರುಗಿ ಕೇಳುತ್ತಿದ್ದನು.

ಅವನು ಎಣಿಸುತ್ತಿದ್ದುದು ಪದ್ಯದ ಮಾತ್ರೆಗಳನ್ನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಶಾಲೆಯಲ್ಲಿ ಕಲಿತವರೆಲ್ಲರಿಗೂ ನೆನಪಿರುತ್ತದೆ. ಒಂದು ಮಾತ್ರೆಯ ಅವಕಾಶವನ್ನು ತುಂಬಲು ಒಂದೇ ದಾರಿ: ಒಂದು ಲಘು. ಎರಡು ಮಾತ್ರೆಗಾದರೆ ಎರಡು ಲಘು ಇಲ್ಲವೆ ಒಂದು ಗುರು, ಅಂದರೆ ಎರಡು ದಾರಿ. ಮೂರು ಮಾತ್ರೆಗೆ ಮೂರು: ಮೂರೂ ಲಘು, ಲಘು–ಗುರು, ಗುರು–ಲಘು. ನಾಲ್ಕಕ್ಕೆ ನಾಲ್ಕಿರಬೇಕೆಂದು ಮನಸ್ಸು ಹೇಳುತ್ತದೆ. ಬರೆದು ನೋಡಿದರೆ ಐದಾಗುತ್ತದೆ: ಎರಡು ಗುರು, ಒಂದು ಗುರುವನ್ನು ಮೊದಲು, ನಡುವೆ ಅಥವಾ ಕೊನೆಗಿಟ್ಟು ಉಳಿದೆಡೆ ಎರಡು ಲಘು, ನಾಲ್ಕೂ ಲಘು. ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು.

ಹೀಗೇಕೆ? ಕಾರಣ ಬಹಳ ಸರಳ. ಯಾವ ವಿನ್ಯಾಸವಾದರೂ ಲಘುವಿನಲ್ಲಿ ಇಲ್ಲವೆ ಗುರುವಿನಲ್ಲಿ ಮುಗಿಯಲೇಬೇಕು. ಲಘುವಿನಲ್ಲಿ ಮುಗಿದರೆ ಹಿಂದೆ ಉಳಿಯುವುದು ಒಂದು ಮಾತ್ರೆ ಕಡಮೆಯ ವಿನ್ಯಾಸ. ಗುರುವಿನಲ್ಲಿ ಮುಗಿದರೆ ಎರಡು ಮಾತ್ರೆ ಕಡಮೆಯದು. ಆದ್ದರಿಂದ ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿದರೆ ಮುಂದಿನದು ದೊರೆಯುತ್ತದೆ. ೧, ೨, ೩, ೫, ೮, ೧೩, ೨೧ — ಇದು ಊಹಿಸಿದ ಸಾಲಲ್ಲ, ಹೀಗಲ್ಲದೆ ಬೇರೆ ಆಗಲಾರದ ಸಾಲು.

ಭಾಮಿನೀ ಷಟ್ಪದಿಯನ್ನು ಓದುವಾಗ ಮೂರು, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವಷ್ಟೆ. ಲೆಕ್ಕದ ಪ್ರಕಾರ ಮೊದಲನೆಯದಕ್ಕೆ ಮೂರು ರೂಪ, ಎರಡನೆಯದಕ್ಕೆ ಐದು. ಲಘುವಿನ ಬೆನ್ನಿಗೇ ಗುರು ಬರುವ ಆರಂಭವನ್ನು ಕನ್ನಡದ ಕಿವಿ ಸಾಮಾನ್ಯವಾಗಿ ಒಲ್ಲದು. ಆದುದರಿಂದ ಕವಿಯ ಕೈಯಲ್ಲಿ ಈ ರೂಪಗಳು ಇನ್ನೂ ಕಡಮೆಯಾಗುತ್ತವೆ. ಶಾಸ್ತ್ರದ ಎಣಿಕೆ ಬೇರೆ, ಕಿವಿಯ ಎಣಿಕೆ ಬೇರೆ.

ನಮ್ಮ ಅಂಶಗಣಗಳಿಗೆ ಬಂದರೆ ಸಾಲು ಇನ್ನೊಂದು ಹಾದಿ ಹಿಡಿಯುತ್ತದೆ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯನ್ನು ಓದಿದವರು ಬಲ್ಲರು: ಬ್ರಹ್ಮಗಣದ ರೂಪಗಳು ನಾಲ್ಕು, ವಿಷ್ಣುಗಣದವು ಎಂಟು, ರುದ್ರಗಣದವು ಹದಿನಾರು. ಇಲ್ಲಿ ಅಂಶವೊಂದು ಹೆಚ್ಚಿದಾಗಲೆಲ್ಲ ಎರಡು ಆಯ್ಕೆಗಳು ಕೂಡಿಕೊಳ್ಳುವುದರಿಂದ ಸಂಖ್ಯೆ ಇಮ್ಮಡಿಯಾಗುತ್ತದೆ. ಐದು ಮಾತ್ರೆಯ ಗಣಕ್ಕೂ ಎಂಟು ರೂಪ, ವಿಷ್ಣುಗಣಕ್ಕೂ ಎಂಟು ರೂಪ. ಒಂದೆಡೆ ಆ ಎಂಟರ ಮುಂದೆ ಹದಿಮೂರು, ಇನ್ನೊಂದೆಡೆ ಹದಿನಾರು. ಎಂಟನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಮುಂದಿನದು ಅದರಲ್ಲಿ ಕಾಣದು.

ಅಕ್ಷರವೃತ್ತಗಳಲ್ಲಿಯೂ ಇದೇ ಇಮ್ಮಡಿಯ ಲೆಕ್ಕ. ಮೂರಕ್ಷರಕ್ಕೆ ಎಂಟು ಗಣಗಳು; ಪಾದಕ್ಕೆ ಇಪ್ಪತ್ತಾರು ಅಕ್ಷರಗಳ ಉತ್ಕೃತಿಯ ವರೆಗೆ ಹೋದರೆ ೬,೭೧,೦೮,೮೬೪ ವಿನ್ಯಾಸಗಳು. ಇವನ್ನೆಲ್ಲ ಪ್ರಸ್ತಾರ ಹಾಕಿ ಬರೆಯುತ್ತ ಕುಳಿತರೆ ಆಯುಷ್ಯ ಸಾಲದು. ಅದಕ್ಕೆಂದೇ ಬರೆಯದೆ ಎಣಿಸುವ ‘ಸಂಖ್ಯೆ’, ಪ್ರಸ್ತಾರದ ಇಂತಿಷ್ಟನೆಯ ಸಾಲು ಹೇಗಿದೆಯೆಂದು ಹೇಳುವ ‘ನಷ್ಟ’ ಮೊದಲಾದ ಪ್ರತ್ಯಯಗಳು ಹುಟ್ಟಿದವು. ನಮ್ಮ ತರಗತಿಗಳಲ್ಲಿ ಛಂದಸ್ಸೆಂದರೆ ಪದ್ಯದ ಮೇಲೆ ಗುರುಲಘುಗಳ ಗುರುತು ಹಾಕುವುದಕ್ಕೆ ಮುಗಿದುಹೋಗುತ್ತದೆ. ಪ್ರತ್ಯಯಗಳ ಭಾಗವನ್ನು ಒಣ ಲೆಕ್ಕವೆಂದು ಬಿಟ್ಟುಬಿಡುವವರೇ ಹೆಚ್ಚು. ನನಗೆ ಶಾಸ್ತ್ರದ ಜೀವವೇ ಅಲ್ಲಿ ಕಾಣುತ್ತದೆ.

ಮಾತ್ರೆಗಳ ಸಾಲಿಗೆ ‘ಹಿಂದಿನ ಎರಡನ್ನು ಕೂಡು’ ಎಂಬ ನಿಯಮವನ್ನು ಸ್ಪಷ್ಟವಾಗಿ ಹೇಳಿದವನು ವಿರಹಾಂಕ. ಕ್ರಿ.ಶ. ೬೦೦ರಿಂದ ೮೦೦ರ ನಡುವಣವನೆಂದು ವಿದ್ವಾಂಸರ ಮತ. ಅವನ ‘ವೃತ್ತಜಾತಿಸಮುಚ್ಚಯ’ ಪ್ರಾಕೃತದಲ್ಲಿದೆ. ೧೧೩೫ಕ್ಕೆ ಮೊದಲು ಗೋಪಾಲನೂ, ೧೧೫೦ರ ಸುಮಾರಿಗೆ ಗುಜರಾತಿನ ಜೈನ ಆಚಾರ್ಯ ಹೇಮಚಂದ್ರನೂ ಇದನ್ನೇ ಹೇಳಿದರು. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ತನ್ನ ‘ಲಿಬೆರ್ ಅಬಾಚಿ’ಯನ್ನು ಬರೆದುದು ೧೨೦೨ರಲ್ಲಿ. ಅಲ್ಲಿ ಒಂದು ಜೊತೆ ಮೊಲಗಳು ವರ್ಷದಲ್ಲಿ ೩೭೭ ಜೊತೆಗಳಾಗುವ ಲೆಕ್ಕವಿದೆ. ನಡುವಿನ ಸಂಖ್ಯೆಗಳು ಇವೇ. ಫಿಬೊನಾಚಿ ಎಂದು ಜಗತ್ತು ಬಲ್ಲುದು ಈತನನ್ನೇ. ಸಾಲಿಗೆ ಅವನ ಹೆಸರನ್ನು ಕಟ್ಟಿದವನು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗಣಿತಜ್ಞ ಲೂಕಾ.

ಇದನ್ನು ಹಿಡಿದುಕೊಂಡು, ಲಿಯೊನಾರ್ಡೊ ನಮ್ಮವರಿಂದ ಕದ್ದನೆಂದು ಕೂಗುವವರಿದ್ದಾರೆ. ಆ ಮಾತಿಗೆ ಆಧಾರವಿಲ್ಲ. ಅಂಕಿಗಳನ್ನು ಭಾರತೀಯರವೆಂದು ಅವನೇ ಬಾಯಿಬಿಟ್ಟು ಹೇಳಿದ್ದಾನೆ; ಪ್ರಾಕೃತದ ಛಂದೋಗ್ರಂಥ ಅವನ ಕೈಸೇರಿತ್ತೆನ್ನಲು ಸಾಕ್ಷ್ಯವೇನೂ ದೊರೆತಿಲ್ಲ. ಒಬ್ಬನು ಮೊಲಗಳನ್ನು ಎಣಿಸಿದನು, ಇನ್ನೊಬ್ಬನು ಮಾತ್ರೆಗಳನ್ನು. ಬೆಳೆಯುವ ರೀತಿ ಒಂದೇ ಆದುದರಿಂದ ಸಾಲೂ ಒಂದೇ ಆಯಿತು. ಆದರೂ ಕನಿಷ್ಠ ನಾನೂರು ವರ್ಷ ಹಿಂದಿನ ವಿರಹಾಂಕನ ಹೆಸರನ್ನು ನಮ್ಮ ಮಕ್ಕಳೇ ಕೇಳಿಲ್ಲವೆಂದರೆ ಆ ತಪ್ಪು ಪೀಸಾದವನದಲ್ಲ.

ಬೆಳೆಯುವ ರೀತಿ ತುಸು ಬದಲಾದರೆ ಸಾಲು ಹೇಗೆ ಬದಲಾಗುತ್ತದೆಂಬುದನ್ನು ತೋರಿಸಿದವನು ನಾರಾಯಣ ಪಂಡಿತ, ೧೩೫೬ರ ‘ಗಣಿತಕೌಮುದಿ’ಯಲ್ಲಿ. ಒಂದು ಹಸು ವರ್ಷಕ್ಕೊಂದು ಕರು ಹಾಕುತ್ತದೆ. ಆ ಕರುಗಳೂ ಮೂರು ವರ್ಷ ತುಂಬಿದಾಗ ಈಯಲಾರಂಭಿಸುತ್ತವೆ. ಇಪ್ಪತ್ತು ವರ್ಷಕ್ಕೆ ಎಷ್ಟಾದಾವು? ಕರು ತಾಯಾಗಲು ಕಾಯಬೇಕಾದುದರಿಂದ, ಕಳೆದ ವರ್ಷದ ಸಂಖ್ಯೆಗೆ ಮೂರು ವರ್ಷ ಹಿಂದಿನ ಸಂಖ್ಯೆಯನ್ನು ಕೂಡಬೇಕು. ಮೊದಲು ಇದ್ದುದು ಒಂದು ಹಸು, ಬಳಿಕ ಎರಡು, ಮೂರು, ನಾಲ್ಕು. ಮಗುವಿನ ಉತ್ತರ ಇಲ್ಲಿಗೆ ನಿಜವಾಯಿತು. ಮುಂದಿನ ವರ್ಷ ಮೊದಲ ಕರುವೂ ಈಯುತ್ತದೆ, ಕೊಟ್ಟಿಗೆಯಲ್ಲಿ ಐದರ ಬದಲು ಆರಾಗುತ್ತವೆ. ಆಮೇಲೆ ಒಂಬತ್ತು, ಹದಿಮೂರು, ಹತ್ತೊಂಬತ್ತು. ಇಪ್ಪತ್ತನೆಯ ವರ್ಷಕ್ಕೆ ತಾಯಿಹಸುವೂ ಸೇರಿ ೨೭೪೫.