ಒಕ್ಕದ ಹೆಸರಿನ ಹಾಕಿ

ನಮ್ಮ ಹಂಗಳದಲ್ಲಿ ಬೇಸಿಗೆ ರಜೆಯೆಂದರೆ ಕ್ರಿಕೆಟ್. ಮೈಸೂರು ದಾಟಿ ಕೊಡಗಿಗೆ ಹೋದರೆ ಏಪ್ರಿಲ್-ಮೇ ಪೂರ್ತಿ ಹಾಕಿಯದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360. ಕಪ್ಪಿಗೆ ಆ ವರ್ಷ ಆತಿಥ್ಯ ವಹಿಸಿದ ಮನೆತನದ್ದೇ ಹೆಸರು.

ಚರಿತ್ರೆ ಓದುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕವಲ್ಲ, ತಂಡ ಕಟ್ಟುವ ರೀತಿ. ಇಲ್ಲಿ ಕ್ಲಬ್ಬಿಲ್ಲ, ಒಂದೇ ಮೂಲದಿಂದ ಬಂದ ಕುಟುಂಬ, ಅಂದರೆ ಒಕ್ಕವೇ ತಂಡ. ಅಜ್ಜನೂ ಶಾಲೆಗೆ ಹೋಗುವ ಹುಡುಗಿಯೂ ಒಂದೇ ಜೆರ್ಸಿಯಲ್ಲಿ. ಕಿರಿಯರು ಕಲಿಯುವುದೇ ಹಿರಿಯರ ಕಾಲಸಂದಿಯಲ್ಲಿ ನುಗ್ಗಿ! ಶಾಸನ, ಕೈಫಿಯತ್ತು ಎಂದು ಅಲೆಯುವ ನಮಗೆ ಈ ಆಟಗಾರರ ಪಟ್ಟಿಗಳು ರದ್ದಿಯಂತೆ ಕಾಣುತ್ತವೆ. ಯಾವ ಮನೆಗೆ ಯಾವ ವರ್ಷ ಹನ್ನೊಂದು ಜನ ಕೂಡಲಿಲ್ಲ ಎಂಬುದನ್ನು ನಾಳೆ ಇನ್ನೆಲ್ಲಿ ಹುಡುಕುತ್ತೇವೆ?