ಮನೆಯಲ್ಲೇ ಜೋಡಿಸುವ ವಿದ್ಯುತ್ ಸೈಕಲ್: ಮೋಟಾರಿನ ಆಯ್ಕೆ

ಸಾಮಾನ್ಯ ಸೈಕಲ್ಲಿಗೆ ಬ್ಯಾಟರಿ, ಕಂಟ್ರೋಲರ್ ಸೇರಿಸಿ ವಿದ್ಯುತ್ ಸೈಕಲ್ ಮಾಡಿಕೊಳ್ಳುವವರ ಮುಂದೆ ಮುಖ್ಯವಾಗಿ ಮೂರು ಬಗೆಯ ಮೋಟಾರುಗಳಿವೆ: ಚಕ್ರವನ್ನು ನೇರವಾಗಿ ತಿರುಗಿಸುವ ಗೇರಿಲ್ಲದ ಹಬ್ ಮೋಟಾರು, ಒಳಗೆ ಹಲ್ಲುಗಾಲಿಗಳಿರುವ ಗೇರ್ ಹಬ್ ಮೋಟಾರು, ಪೆಡಲಿನ ಅಚ್ಚಿನ ಬಳಿ ಕೂತು ಚೈನನ್ನು ಎಳೆಯುವ ಮಿಡ್ ಡ್ರೈವ್. ಕಲ್ಪನೆಗಳೇನೂ ಹೊಸವಲ್ಲ. 1895ರಲ್ಲಿ ಆಗ್ಡೆನ್ ಬೋಲ್ಟನ್ ಪಡೆದ ಅಮೆರಿಕದ ಪೇಟೆಂಟಿನಲ್ಲಿ ಮೋಟಾರು ಹಿಂದಿನ ಚಕ್ರದ ಹಬ್‌ನಲ್ಲಿತ್ತು. 1897ರಲ್ಲಿ ಹೋಸಿಯಾ ಲಿಬ್ಬಿ ಅದನ್ನು ಪೆಡಲಿನ ಅಚ್ಚಿಗೆ ತಂದರು. ಭಾರತದಲ್ಲಿ ವಿದ್ಯುತ್ ಸೈಕಲ್ ಮೋಟಾರು ವಾಹನವೆನಿಸಿಕೊಳ್ಳದಿರಲು, ಇತರ ಷರತ್ತುಗಳ ಜೊತೆಗೆ, ಮೋಟಾರಿನ ಶಕ್ತಿ 250 ವ್ಯಾಟ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ದಾಟಬಾರದು. ವ್ಯಾಟ್ ಎಲ್ಲದಕ್ಕೂ ಒಂದೇ ಆದಮೇಲೆ ಆಯ್ಕೆಯನ್ನು ನಿರ್ಧರಿಸುವುದು ಏರಿನಲ್ಲಿ ಮೋಟಾರು ಎಷ್ಟು ಬಿರುಸಾಗಿ ಸುತ್ತಬಲ್ಲದು ಎಂಬ ಒಂದೇ ಸಂಗತಿ. ಆ ಅಳತೆಯಲ್ಲಿ, ಗೇರಿಲ್ಲದ ನಮ್ಮ ಸಾಧಾರಣ ಸೈಕಲ್ಲಿಗೆ ಒಪ್ಪುವುದು ಗೇರ್ ಹಬ್ ಮೋಟಾರೇ.

ಲೆಕ್ಕ ಹಾಕಿ ನೋಡಬಹುದು. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಬೇಕಾಗುವುದು ಸುಮಾರು 150 ವ್ಯಾಟ್. 250 ವ್ಯಾಟಿನ ಮೋಟಾರಿಗೆ ಇದು ಹಗುರದ ಕೆಲಸವೆಂದು ತೋರುತ್ತದೆ, ಆದರೆ ಆಗ 26 ಇಂಚಿನ ಚಕ್ರ ನಿಮಿಷಕ್ಕೆ ಸುತ್ತುವುದು ಬರೀ 64 ಸುತ್ತು. ಸುತ್ತು ಕಡಿಮೆಯಾದಷ್ಟೂ ಅದೇ ಶಕ್ತಿಗೆ ಹೆಚ್ಚು ತಿರುಚುಬಲ ಬೇಕು. ಮೋಟಾರಿನ ತಿರುಚುಬಲ ಕರೆಂಟಿಗೆ ತಕ್ಕಂತೆ ಹೆಚ್ಚಿದರೆ, ತಾಮ್ರದ ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಗೇರಿಲ್ಲದ ಮೋಟಾರು ಅದೇ 64 ಸುತ್ತಿನಲ್ಲಿ ಹೆಣಗುತ್ತಾ ಬ್ಯಾಟರಿಯ ಬಹುಪಾಲನ್ನು ಬಿಸಿಯಾಗಿಯೇ ಕಳೆಯಬಹುದು. ಗೇರ್ ಹಬ್ಬನ್ನು ಬಿಚ್ಚಿದರೆ ನಡುವೆ ಒಂದು ಪುಟ್ಟ ಉಕ್ಕಿನ ಹಲ್ಲುಗಾಲಿ, ಅದರ ಸುತ್ತ ಗ್ರೀಸ್ ಮೆತ್ತಿದ ಮೂರು ನೈಲಾನ್ ಗಾಲಿಗಳು ಕಾಣುತ್ತವೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮೋಟಾರು ಸುಮಾರು ಐದು ಸುತ್ತು ಮುಗಿಸುವಂತೆ ಮಾಡುವುದು ಇವೇ. ಕರೆಂಟು ನಿಂತಾಗ ಒಳಗಿನ ಕ್ಲಚ್ಚು ಮೋಟಾರನ್ನು ಬೇರ್ಪಡಿಸುವುದರಿಂದ ಬ್ಯಾಟರಿ ಮುಗಿದರೂ ಹಾಯಾಗಿ ತುಳಿಯಬಹುದು.

ಬ್ರೇಕ್ ಹಿಡಿದಾಗ ಬ್ಯಾಟರಿಗೆ ಶಕ್ತಿ ಮರಳಿಸುವ ಅನುಕೂಲ ಗೇರಿಲ್ಲದ ಹಬ್‌ನಲ್ಲಿ ಮಾತ್ರ ಸುಲಭ ಎಂಬ ಆಕ್ಷೇಪವಿದೆ. ನಿಜ, ಆದರೆ 25 ಕಿ.ಮೀ. ವೇಗದಲ್ಲಿರುವ 100 ಕಿಲೋ ಸೈಕಲ್ಲಿನ ಚಲನಶಕ್ತಿ ಒಂದು ವ್ಯಾಟ್-ಅವರ್ ಕೂಡ ಇಲ್ಲ, ಸುಮಾರು 0.67. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 360. ಒಂದೊಂದು ಸಿಗ್ನಲ್ಲಿನಲ್ಲೂ ನಿಲ್ಲಿಸಿದರೂ ಉಳಿತಾಯ ನಗಣ್ಯ. ದೀರ್ಘ ಘಾಟಿ ಇಳಿಯುವವರಿಗಷ್ಟೇ ಅದು ಬ್ರೇಕ್ ಪ್ಯಾಡುಗಳ ಸವೆತ ತಪ್ಪಿಸಿ ನೆರವಾಗುತ್ತದೆ. ನೈಲಾನ್ ಹಲ್ಲು ಸವೆಯುತ್ತದೆ ಎಂಬ ಮಾತೂ ಸರಿಯೇ. ಆದರೆ ಸವೆದ ಗಾಲಿಯನ್ನಷ್ಟೇ ಬದಲಾಯಿಸಬಹುದು, ಸುಟ್ಟ ಸುರುಳಿಯನ್ನು ಹಾಗೆ ಬದಲಾಯಿಸಲಾಗದು.

ಹೆಚ್ಚು ತೂಕದ ಆಕ್ಷೇಪ ಮಿಡ್ ಡ್ರೈವಿನ ಪರವಾದದ್ದು: ಬೆಟ್ಟಕ್ಕೆ ಅದಕ್ಕಿಂತ ಮೇಲಾದುದಿಲ್ಲ. ಹಿಂದೆ 32 ಹಲ್ಲಿನ ಗಾಲಿಯಿರುವ ಗೇರ್ ಸೈಕಲ್ಲಿಗೆ ಇದನ್ನು ಪೂರ್ತಿ ಒಪ್ಪಬೇಕು. ಏರು ಬಂದಾಗ ಸವಾರ ಗೇರ್ ಇಳಿಸುತ್ತಾನೆ, ಮೋಟಾರು ತನ್ನ ಹಿತದ ವೇಗದಲ್ಲೇ ಸುತ್ತುತ್ತಿರುತ್ತದೆ. ಗೇರ್ ಹಬ್‌ನ ಬಿಸಿ ಹೊರಹೋಗುವ ದಾರಿ ಕಿರಿದು. ಆಗುಂಬೆಯಂಥ ಘಾಟಿಯನ್ನು ದಿನಾ ಹತ್ತುವವರಿಗೆ ಗೇರ್ ಹಬ್ ಸೂಚಿಸುವುದು ತಪ್ಪಾಗುತ್ತದೆ. ಆದರೆ ಮುಂದೆ 44, ಹಿಂದೆ 18 ಹಲ್ಲಿನ ಒಂದೇ ಗೇರಿನ ಸೈಕಲ್ಲಿನಲ್ಲಿ ಮಿಡ್ ಡ್ರೈವ್ ಆ ಗುಣವನ್ನೇ ಕಳೆದುಕೊಳ್ಳುತ್ತದೆ. ಚಕ್ರ ನಿಧಾನವಾದರೆ ಅದೂ ನಿಧಾನ. ಮೇಲಾಗಿ ಮೋಟಾರಿನ ಎಳೆತವೆಲ್ಲ ಚೈನಿನ ಮೇಲೆ ಬಿದ್ದು ಅದು ಬೇಗ ಸವೆಯುತ್ತದೆ.

ಹಬ್ ಆರಿಸಿದವರು ಅಚ್ಚನ್ನು ಮರೆಯಬಾರದು. ಚಕ್ರವನ್ನು ಮುಂದೆ ತಳ್ಳುವ ಬಲವೇ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ಅಚ್ಚಿನ ಎರಡು ಚಪ್ಪಟೆ ಬದಿಗಳು ಫ್ರೇಮಿನ ಸೀಳಿನಲ್ಲಿ ಬಿಗಿಯಾಗಿ ಕೂರದಿದ್ದರೆ ಸೀಳು ಅಗಲವಾಗಿ, ಅಚ್ಚು ಗಿರ್ರನೆ ತಿರುಗಿ ವೈರುಗಳನ್ನು ಹರಿದುಹಾಕುತ್ತದೆ. ಅಚ್ಚನ್ನು ಫ್ರೇಮಿಗೆ ಬಂಧಿಸುವ ಉಕ್ಕಿನ ಪಟ್ಟಿ, ಅಂದರೆ ಟಾರ್ಕ್ ಆರ್ಮ್, ಇಲ್ಲದೆ ಹಬ್ ಮೋಟಾರನ್ನು ಓಡಿಸಬಾರದು.