ಯಾರ ಡಿಸ್ಕು, ಯಾರ ಯಂತ್ರ

ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚಿನಾಯ್ ಟ್ರೇಡ್ ಸೆಂಟರನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಕಡಿಮೆ. ಊರಿಗೆಲ್ಲ ಅದು ‘ಸಿಟಿಸಿ’. ಮೌಸಿನಿಂದ ಮದರ್‌ಬೋರ್ಡಿನವರೆಗೆ ಎಲ್ಲವೂ ಸಿಗುವ ಆ ಕಂಪ್ಯೂಟರ್ ಪೇಟೆಯಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳುವವರಿಗೆ ಬೆಲೆ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ: ‘ಮ್ಯಾಕ್ ಮೆ ಭೀ ಚಲ್ತಾ ಕ್ಯಾ?’ (ಮ್ಯಾಕ್‌ನಲ್ಲೂ ನಡೆಯುತ್ತದಾ?) ಈ ಪುಟ್ಟ ಪ್ರಶ್ನೆಗೆ ದಶಕಗಳ ಇತಿಹಾಸವಿದೆ. ಅದರಲ್ಲಿ ಹೈದರಾಬಾದಿನ ಪಾಲೂ ಇದೆ.

ಡಿಸ್ಕಿಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಭೇದವಿಲ್ಲ. ಭೇದ ಇರುವುದು ಯಾವ ಕಡತ ಎಲ್ಲಿದೆ ಎಂದು ಲೆಕ್ಕವಿಡುವ ಫೈಲ್ ಸಿಸ್ಟಂನಲ್ಲಿ. ಹಿಂದೆ ಶಾನುಭೋಗರು ಮೋಡಿ ಲಿಪಿಯಲ್ಲಿ ಬರೆದಿಟ್ಟ ಕಡತ ಆ ಲಿಪಿ ಬಲ್ಲವರಿಗೆ ಮಾತ್ರ ದಕ್ಕುತ್ತಿತ್ತು; ಹೊಲ ಕಣ್ಣೆದುರೇ ಇದ್ದರೂ ಉಳಿದವರಿಗೆ ಅದರ ಲೆಕ್ಕ ತಿಳಿಯುತ್ತಿರಲಿಲ್ಲ. ಡಿಸ್ಕಿನ ಪಾಡೂ ಅದೇ.

ಈ ತೊಡಕು ಪಿಸಿಗಳಿಗಿಂತ ಹಳೆಯದು. 1967ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇಸಿಐಎಲ್ ಸಂಸ್ಥೆ ಟಿಡಿಸಿ ಸರಣಿಯ ದೇಶೀ ಕಂಪ್ಯೂಟರುಗಳನ್ನು ತಯಾರಿಸಿತು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಅದರ ಯಂತ್ರಗಳ ನಿರ್ವಹಣೆ ಸರ್ಕಾರಿ ಸಂಸ್ಥೆಯಾದ ಸಿಎಂಸಿಯ ಹೆಗಲಿಗೆ ಬಿತ್ತು. ಸಿಎಂಸಿಯ ಸಂಶೋಧನಾ ವಿಭಾಗ ಮುಂದೆ ಬೆಳೆದದ್ದೂ ಇದೇ ಊರಿನಲ್ಲಿ. ಐಬಿಎಂನ ದೊಡ್ಡ ಯಂತ್ರಗಳು ಬಳಸುತ್ತಿದ್ದ ಎಬ್ಸಿಡಿಕ್ ಸಂಕೇತದಲ್ಲಿ ಇಂಗ್ಲಿಷಿನ ಮೊದಲ ದೊಡ್ಡಕ್ಷರಕ್ಕೆ 193 ಎಂಬ ಸಂಖ್ಯೆ. ಬೇರೆ ತಯಾರಕರ ಯಂತ್ರಗಳಲ್ಲಿ ರೂಢಿಯಾಗುತ್ತಿದ್ದ ಆಸ್ಕಿಯಲ್ಲಿ 65. ಒಂದು ಕಡೆ ಬರೆದ ಟೇಪನ್ನು ಇನ್ನೊಂದು ಕಡೆ ಹಾಗೇ ಓದಿದರೆ ಸಿಗುತ್ತಿದ್ದುದು ಅಕ್ಷರಗಳ ಕಲಸುಮೇಲೋಗರ.

ಪಿಸಿಗಳು ಬಂದ ಮೇಲೆ ಬೇಲಿಗಳು ಹೆಚ್ಚಿದವು. ಮೈಕ್ರೋಸಾಫ್ಟ್ 1993ರಲ್ಲಿ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂ ತಂದಿತು, ಆಪಲ್ 1998ರಲ್ಲಿ ಎಚ್‌ಎಫ್‌ಎಸ್ ಪ್ಲಸ್ ತಂದಿತು, ಲಿನಕ್ಸ್ ತನ್ನದೇ ಎಕ್ಸ್‌ಟಿ ಸರಣಿಯನ್ನು ಬೆಳೆಸಿಕೊಂಡಿತು. ಎಲ್ಲರಿಗೂ ಓದಲೂ ಬರೆಯಲೂ ಬರುತ್ತಿದ್ದುದು ಮುಖ್ಯವಾಗಿ 1996ರಲ್ಲಿ ಬಂದ ಫ್ಯಾಟ್32. ಅದರಲ್ಲಿ ಕಡತದ ಗಾತ್ರ ಬರೆಯಲು ಇರುವುದು 32 ಬಿಟ್ ಜಾಗ. ಹಾಗಾಗಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ.

ಪತ್ರ ಟೈಪ್ ಮಾಡುವವರಿಗೆ 4 ಜಿಬಿ ಅಂದರೆ ಸಮುದ್ರ. ಸಿನಿಮಾ, ಟೀವಿ, ಮದುವೆ ವೀಡಿಯೊಗಳ ಊರಾದ ಹೈದರಾಬಾದಿಗೆ ಅದು ಏನೇನೂ ಸಾಲದು. ಇಲ್ಲಿನ ರಾಮೋಜಿ ಫಿಲ್ಮ್ ಸಿಟಿಯಿಂದಲೇ 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಪ್ರಸಾರ ಶುರುಮಾಡಿತು. ಕರ್ನಾಟಕದ ಮನೆಮನೆಯ ಸುದ್ದಿ, ಧಾರಾವಾಹಿಗಳಿಗಾಗಿ ಎಷ್ಟೋ ಕನ್ನಡಿಗರು ಇಲ್ಲಿ ಬಂದು ನೆಲೆಸಿದರು. ಆ ಕಾಲದ ಡಿವಿ ಕ್ಯಾಮೆರಾದ ಒಂದು ಗಂಟೆಯ ಚಿತ್ರಣ ಕಂಪ್ಯೂಟರಿನಲ್ಲಿ ಸುಮಾರು 13 ಜಿಬಿ ತುಂಬುತ್ತಿತ್ತು. ಅಂದರೆ ಫ್ಯಾಟ್32 ಡಿಸ್ಕಿನಲ್ಲಿ ಒಂದು ಕಡತಕ್ಕೆ ಇಪ್ಪತ್ತು ನಿಮಿಷವೂ ಹಿಡಿಸುತ್ತಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಕಡತ ಎರಡು ತುಂಡು! ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ತುಂಬಿ ತಂದರೆ ಎಡಿಟರನ ಮ್ಯಾಕ್ ಅದನ್ನು ಓದುತ್ತಿತ್ತು, ಆದರೆ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ.

ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ಕೆಲಸವೂ ಇದೇ ಊರಿನಲ್ಲಿ ನಡೆದದ್ದು ಗಮನಿಸಬೇಕಾದ ಸಂಗತಿ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಮೈಕ್ರೋಸಾಫ್ಟಿನ ಅಭಿವೃದ್ಧಿ ಕೇಂದ್ರ ಮತ್ತು ಐಐಐಟಿ ಹೈದರಾಬಾದ್ ಶುರುವಾದದ್ದೂ ಅದೇ ವರ್ಷ. ವಿಂಡೋಸ್ ಮತ್ತು ಯುನಿಕ್ಸ್ ಯಂತ್ರಗಳು ಕಡತ ಹಂಚಿಕೊಳ್ಳಲು ನೆರವಾಗುವ ‘ಸರ್ವಿಸಸ್ ಫಾರ್ ಯುನಿಕ್ಸ್’ ತಂತ್ರಾಂಶದ ಕೆಲಸವನ್ನು ಹೈದರಾಬಾದಿನ ಆ ಕೇಂದ್ರ ಕೈಗೆತ್ತಿಕೊಂಡಿತ್ತು.

ಡಿಸ್ಕಿನ ಸಮಸ್ಯೆಗೆ ಮದ್ದು 2006ರಲ್ಲೇ ತಯಾರಾಯಿತು. ಅದೇ ಮೈಕ್ರೋಸಾಫ್ಟಿನ ಎಕ್ಸ್‌ಫ್ಯಾಟ್. 4 ಜಿಬಿಯ ಮಿತಿ ಹೋಯಿತು. 2008ರಲ್ಲಿ ಅದು ವಿಂಡೋಸ್ ವಿಸ್ಟಾಕ್ಕೆ ಬಂತು, 2010ರ ನವೆಂಬರಿನಲ್ಲಿ ಮ್ಯಾಕ್‌ಗೆ ಬಂತು. ಲಿನಕ್ಸ್ ಮಾತ್ರ ಹೊರಗೇ ಉಳಿಯಿತು, ಏಕೆಂದರೆ ಎಕ್ಸ್‌ಫ್ಯಾಟ್‌ಗೆ ಪೇಟೆಂಟಿನ ಕಾವಲಿತ್ತು. ಹಳೆಯ ಫ್ಯಾಟ್‌ನ ಪೇಟೆಂಟುಗಳನ್ನೂ ಮುಂದಿಟ್ಟುಕೊಂಡು ಮೈಕ್ರೋಸಾಫ್ಟ್ 2009ರಲ್ಲಿ ಟಾಮ್‌ಟಾಮ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು. ಉತ್ಸಾಹಿಗಳು ಸ್ವಂತ ಶ್ರಮದಿಂದ ಎಕ್ಸ್‌ಫ್ಯಾಟ್ ಓದುವ ತಂತ್ರಾಂಶ ಬರೆದರೂ ಅದು ಲಿನಕ್ಸಿನ ಒಡಲಿಗೆ ಸೇರಲಿಲ್ಲ. ಬಳಕೆದಾರರನ್ನು ಇಷ್ಟು ವರ್ಷ ಕಾಡಿದ್ದು ತಂತ್ರಜ್ಞಾನದ ಕೊರತೆಯಲ್ಲ, ಅನುಮತಿಯ ಕೊರತೆ. ತಮ್ಮದೇ ದುಡ್ಡಿನ ಡಿಸ್ಕು, ತಮ್ಮದೇ ಮಗಳ ಮದುವೆಯ ಚಿತ್ರ; ನೋಡಲು ಮಾತ್ರ ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಇದು ಅನ್ಯಾಯವೇ ಸರಿ.

ಬಾಗಿಲು ತೆರೆದದ್ದು ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಲಿತ ಸತ್ಯ ನಾದೆಲ್ಲ ಅವರ ಕಾಲದಲ್ಲಿ. ಅವರು ಮೈಕ್ರೋಸಾಫ್ಟಿನ ಮುಖ್ಯಸ್ಥರಾದದ್ದು 2014ರಲ್ಲಿ. 2019ರ ಆಗಸ್ಟಿನಲ್ಲಿ ಕಂಪನಿ ಎಕ್ಸ್‌ಫ್ಯಾಟ್‌ನ ವಿವರಗಳನ್ನೆಲ್ಲ ಬಹಿರಂಗಪಡಿಸಿ, ಲಿನಕ್ಸಿಗೆ ಸೇರಿಸಿಕೊಳ್ಳಲು ಬೆಂಬಲ ಘೋಷಿಸಿತು. 2020ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ 5.7ರಲ್ಲಿ ಸ್ಯಾಮ್‌ಸಂಗ್ ಬರೆದ ಎಕ್ಸ್‌ಫ್ಯಾಟ್ ಚಾಲಕ ತಂತ್ರಾಂಶ ಸೇರಿತು.

ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರಿಗೆ ಇನ್ನೊಂದು ತೊಡಕಿತ್ತು. ‘ಕೋಲಾರ’ ಎಂದು ಹೆಸರಿಟ್ಟರೆ ವಿಂಡೋಸಿನಲ್ಲಿ ‘ಕೋ’ದ ಓತ್ವ ಸಾಮಾನ್ಯವಾಗಿ ಒಂದೇ ಸಂಕೇತ. ಎಚ್‌ಎಫ್‌ಎಸ್ ಪ್ಲಸ್ ಅದನ್ನು ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಒಡೆದು ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಲಿನಕ್ಸಿಗೆ ಎರಡು ಬೇರೆ ಹೆಸರು, ಆದ್ದರಿಂದ ಒಂದೇ ಫೋಲ್ಡರಿನಲ್ಲಿ ಎರಡು ಕೋಲಾರ ಅಕ್ಕಪಕ್ಕ ಕೂರಬಹುದು. ಆಪಲ್ 2017ರಲ್ಲಿ ತಂದ ಎಪಿಎಫ್‌ಎಸ್ ಹೆಸರನ್ನು ಕೊಟ್ಟ ಹಾಗೇ ಉಳಿಸಿಕೊಳ್ಳುತ್ತದೆ. ಆದರೆ ವಿಂಡೋಸಿಗೆ ಎಪಿಎಫ್‌ಎಸ್ ಡಿಸ್ಕನ್ನು ತಾನಾಗಿ ಓದಲು ಬರುವುದಿಲ್ಲ.

ಹಾಗಾಗಿ ಹಲವು ಯಂತ್ರಗಳ ನಡುವೆ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಹಾಕಿಸುವುದೇ ಸಲೀಸು. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಮೊದಲು ಬೇರೆ ಕಡೆ ಕಾಪಿ ಮಾಡಿಡಬೇಕು. ಎನ್‌ಟಿಎಫ್‌ಎಸ್‌ನಲ್ಲಿರುವಂತೆ ಬದಲಾವಣೆಗಳನ್ನು ಮುಂಚಿತವಾಗಿ ಗುರುತು ಹಾಕಿಕೊಳ್ಳುವ ಜರ್ನಲ್ ಇದರಲ್ಲಿಲ್ಲ. ಬರೆಯುತ್ತಿರುವಾಗಲೇ ಕೇಬಲ್ ಕಿತ್ತರೆ ಕಡತ ಕೆಡಬಹುದು. ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂಬ ಸೂಚನೆ ಬಂದ ಮೇಲೆಯೇ ಡಿಸ್ಕನ್ನು ಬಿಡಿಸಬೇಕು.